ಟ್ರ್ಯಾಕ್ಟರಿಗೆ ಸೈಲೆನ್ಸರ್ ಯಾಕೆ ಬೇಕು?

ನಮ್ಮ ಬಳಗಾನೂರು ಸೀಮೆಗೆ ತುಂಗಭದ್ರಾ ಎಡದಂಡೆ ಕಾಲುವೆ ನೀರು ಬರುತ್ತದೆ. ನೀರು ಬಂದಲ್ಲಿ ಭತ್ತ. ಭತ್ತ ಇದ್ದಲ್ಲಿ ಟ್ರ್ಯಾಕ್ಟರ್. ಅದರ ಸದ್ದು ನಮಗೆ ರೂಢಿ ಆಗಿದೆ ಅಂತೀವಿ. ಮನಸ್ಸಿಗೆ ರೂಢಿ ಆಗಬಹುದು. ಕಿವಿಗೆ ಆಗುವುದಿಲ್ಲ.

ಮನೆಯವರು ದಿನವೆಲ್ಲ ಟ್ರ್ಯಾಕ್ಟರ್ ಓಡಿಸಿ ಬರ್ತಾರೆ. ಕರೆದರೆ ಓಗೊಡಲ್ಲ. ಟಿ.ವಿ. ಸದ್ದು ಜೋರು ಮಾಡ್ತಾರೆ. ಸಿಟ್ಟು ಬಂದಿದೆ ಅಂತ ನಾವು ತಿಳೀತೀವಿ. ಸಿಟ್ಟು ಇರಲಿಕ್ಕಿಲ್ಲ. ಕಿವಿ ಮಂದ ಆಗಿರಬಹುದು.

ಕಿವಿಯ ಒಳಗೆ ಕೂದಲಿನಂಥ ಸಣ್ಣ ಎಳೆಗಳಿವೆ. ಸದ್ದನ್ನು ಹಿಡಿಯುವುದು ಅವೇ. ದೊಡ್ಡ ಸದ್ದು ದಿನಾ ಬಿದ್ದರೆ ಅವು ಸಾಯುತ್ತವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಸದ್ದನ್ನು ಡೆಸಿಬಲ್ ಲೆಕ್ಕದಲ್ಲಿ ಅಳೆಯುತ್ತಾರೆ. ನಮ್ಮ ಮಾತು ಸುಮಾರು 60. ದಿನಕ್ಕೆ 8 ತಾಸು 85 ದಾಟಿದ ಸದ್ದಿನಲ್ಲಿ ಇದ್ದರೆ ಕಿವಿಗೆ ಅಪಾಯ. ಅಳೆಯುವ ಯಂತ್ರ ನಮ್ಮ ಹತ್ತಿರ ಎಲ್ಲಿಂದ ಬರಬೇಕು? ಮೂರು ಅಡಿ ದೂರ ನಿಂತವರಿಗೆ ಕೂಗಿ ಹೇಳಬೇಕಾದರೆ ಸದ್ದು ಹೆಚ್ಚಾಯಿತು ಅಂತಲೇ ತಿಳಿಯಿರಿ. ಟ್ರ್ಯಾಕ್ಟರ್ ಪಕ್ಕದಲ್ಲಿ ಚೀಲ ತುಂಬುವ ನಮಗೂ ಇದೇ ಮಾತು.

ಈ ಸದ್ದನ್ನು ಕಡಿಮೆ ಮಾಡುವುದೇ ಸೈಲೆನ್ಸರ್. ಎಂಜಿನ್ ಒಳಗೆ ಡೀಸೆಲ್ ಉರಿಯುತ್ತದೆ. ಬಿಸಿ ಹೊಗೆ ರಭಸದಿಂದ ಹೊರಗೆ ನುಗ್ಗುತ್ತದೆ. ಸೈಲೆನ್ಸರ್ ಒಳಗೆ ಸಣ್ಣ ಸಣ್ಣ ಕೋಣೆಗಳು, ತೂತು ಇರುವ ಕೊಳವೆಗಳು ಇರುತ್ತವೆ. ಹೊಗೆ ಅಲ್ಲಿ ಸುತ್ತಾಡಿ ರಭಸ ಕಳೆದುಕೊಳ್ಳುತ್ತದೆ. ಸದ್ದೂ ಇಳಿಯುತ್ತದೆ.

ಕೆಲವು ಹುಡುಗರು ಸೈಲೆನ್ಸರ್ ಕಿತ್ತು ಬರೀ ಕೊಳವೆ ಹಾಕಿಸ್ತಾರೆ. ಡಬ ಡಬ ಅಂದರೆ ಗಾಡಿಗೆ ಬಲ ಅಂತ ಅವರ ಲೆಕ್ಕ. ಇದು ಬರೀ ಶೋಕಿ. 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಕೃಷಿ ಟ್ರ್ಯಾಕ್ಟರಿಗೂ ಸೈಲೆನ್ಸರ್ ಇರಲೇಬೇಕು ಅಂತ ಇದೆ.

ಸೈಲೆನ್ಸರ್ ಕೆಟ್ಟಿದ್ದು ನಮಗೂ ಗೊತ್ತಾಗುತ್ತದೆ. ಎಂಜಿನ್ ನಿಲ್ಲಿಸಿ, ಪೂರ್ತಿ ಆರಿದ ಮೇಲೆ ನೋಡಿ. ಬಿಸಿ ಇದ್ದಾಗ ಮುಟ್ಟಿದರೆ ಕೈ ಸುಡುತ್ತದೆ. ಜೋಡಣೆ ಇದ್ದಲ್ಲಿ ಕಪ್ಪು ಮಸಿ ಹಿಡಿದಿದ್ದರೆ ಅಲ್ಲಿಂದ ಹೊಗೆ ಸೋರುತ್ತಿದೆ. ಬೋಲ್ಟ್ ಸಡಿಲ ಆಗಿರಬಹುದು, ಇಲ್ಲವೇ ನಡುವಿನ ಗ್ಯಾಸ್ಕೆಟ್ ಸುಟ್ಟಿರಬಹುದು. ತುಕ್ಕು ಹಿಡಿದು ತೂತು ಬಿದ್ದಿದ್ದರೆ ಬಟ್ಟೆ ಸುತ್ತಬೇಡಿ, ಬೆಂಕಿ ಹತ್ತುತ್ತದೆ. ಸಣ್ಣ ತೂತಾದರೆ ವೆಲ್ಡಿಂಗ್ ಮಾಡಿಸಿ. ತಗಡೇ ಸವೆದಿದ್ದರೆ ಹೊಸದು ಹಾಕಿಸಿ. ತೂತಿನಿಂದ ಕಿಡಿ ಹಾರಿದರೆ ಹುಲ್ಲಿನ ಬಣವೆಗೂ ಅಪಾಯ.

ತುಕ್ಕಿಗೆ ಮುಖ್ಯ ಕಾರಣ ನೀರು. ಗಾಡಿ ಬಯಲಲ್ಲಿ ನಿಂತರೆ ಮೇಲ್ಮುಖದ ಕೊಳವೆಯೊಳಗೆ ಮಳೆ ನೀರು ಇಳಿಯುತ್ತದೆ. ಗಾಡಿ ಆರಿದ ಮೇಲೆ ಕೊಳವೆಯ ಬಾಯಿಗೆ ಒಂದು ತಗಡಿನ ಡಬ್ಬಿ ಬೋರಲು ಹಾಕಿ. ಬೆಳಿಗ್ಗೆ ಚಾಲೂ ಮಾಡುವ ಮುಂಚೆ ಡಬ್ಬಿ ತೆಗೆಯಲು ಮನೆಯವರಿಗೆ ನೆನಪು ಮಾಡಿ.