ತಗ್ಗಿನ ನಾಡಿನಲ್ಲಿ ಒಂದು ರೈಲು ಪಯಣ

ನೆದರ್‌ಲ್ಯಾಂಡ್ಸ್ ಎಂಬ ಹೆಸರಿಗೆ ತಗ್ಗಿನ ನಾಡು ಎಂದೇ ಅರ್ಥ. ಆ ದೇಶದ ನೆಲದಲ್ಲಿ ನೂರಕ್ಕೆ ಸುಮಾರು 26 ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಬರಿಯ ಅಂಕಿಯಾಗಿ ಓದಿದರೆ ಈ ಮಾತು ಮನಸ್ಸಿಗೆ ನಾಟುವುದಿಲ್ಲ. ಅವಸರವಿಲ್ಲದ ಪ್ರವಾಸಿಯು ಆಮ್‌ಸ್ಟರ್‌ಡ್ಯಾಮಿನಲ್ಲಿ ಬೆಳಗಿನ ರೈಲು ಹತ್ತಿ, ಹಾರ್ಲೆಮ್ ಮತ್ತು ಲೈಡನ್ ನಗರಗಳನ್ನು ನೋಡಿ, ಸಂಜೆ ಬೇರೊಂದು ದಾರಿಯಿಂದ ಹಿಂದಿರುಗಿದರೆ ಅದರ ಅರ್ಥ ತಾನಾಗಿಯೇ ತಿಳಿಯುತ್ತದೆ.

ಹೊರಡುವ ನಿಲ್ದಾಣದಲ್ಲಿಯೇ ಈ ಕಥೆ ಆರಂಭವಾಗುತ್ತದೆ. 1889ರಲ್ಲಿ ತೆರೆದ ಆ ಭವ್ಯ ಕಟ್ಟಡವು ನೀರಿನ ನಡುವೆ ಮಣ್ಣು ತುಂಬಿ ನಿರ್ಮಿಸಿದ ದ್ವೀಪಗಳ ಮೇಲೆ, ನೆಲದಾಳಕ್ಕೆ ಇಳಿಸಿದ ಸಾವಿರಾರು ಮರದ ಕಂಬಗಳ ಆಧಾರದಿಂದ ನಿಂತಿದೆ. ಅಲ್ಲಿಂದ ಹಾರ್ಲೆಮ್‌ಗೆ ಕಾಲು ಗಂಟೆಯ ಹಾದಿ. ಆ ದೇಶದ ಮೊತ್ತಮೊದಲ ರೈಲು 1839ರಲ್ಲಿ ಓಡಿದ್ದು ಈ ಎರಡು ಊರುಗಳ ನಡುವೆ. ಹಾರ್ಲೆಮಿನ ಹಿರಿಯ ಇಗರ್ಜಿಯಲ್ಲಿ ಹತ್ತು ವರ್ಷದ ಬಾಲಕ ಮೊಟ್ಸಾರ್ಟ್ 1766ರಲ್ಲಿ ನುಡಿಸಿದ ಆರ್ಗನ್ ವಾದ್ಯ ಇಂದಿಗೂ ಇದೆ.

ಹಾರ್ಲೆಮ್ ದಾಟಿದೊಡನೆ ಬಯಲು ತೆರೆದುಕೊಳ್ಳುತ್ತದೆ. ಏಪ್ರಿಲ್ ತಿಂಗಳಾದರೆ ಟ್ಯೂಲಿಪ್ ಹೂಗಳ ಕೆಂಪು, ಹಳದಿ ಪಟ್ಟೆಗಳು. ಗೆರೆ ಎಳೆದಂತೆ ನೇರವಾಗಿ ಹರಿಯುವ ಕಾಲುವೆಗಳು. ಈ ನಾಡಿಗೆ ಹೆಸರು ತಂದ ಗಾಳಿಯಂತ್ರಗಳೆಲ್ಲವೂ ಕಾಳು ಬೀಸಲೆಂದೇ ಕಟ್ಟಿದವಲ್ಲ. ಹಲವು ಯಂತ್ರಗಳ ಕೆಲಸ ತಗ್ಗಿನ ನೀರನ್ನು ಮೇಲಿನ ಕಾಲುವೆಗೆ ಎತ್ತಿ ಹಾಕುವುದಾಗಿತ್ತು. ಒಂದು ಯಂತ್ರದ ಶಕ್ತಿ ಸಾಲದ ಆಳದಲ್ಲಿ ಮೂರು ನಾಲ್ಕನ್ನು ಸಾಲಾಗಿ ನಿಲ್ಲಿಸಿ, ಮೆಟ್ಟಿಲು ಮೆಟ್ಟಿಲಾಗಿ ನೀರನ್ನು ಏರಿಸುತ್ತಿದ್ದರು. ಆ ಕೆಲಸವನ್ನು ಈಗ ಪಂಪುಗಳು ವಹಿಸಿಕೊಂಡಿವೆ. ಗಾಳಿಗೂ ಬಿಡುವಿಲ್ಲವೆನ್ನಬೇಕು: ಅಲ್ಲಿಯ ರಾಷ್ಟ್ರೀಯ ರೈಲು ಸಂಸ್ಥೆಯು 2017ರಿಂದ ತನ್ನ ವಿದ್ಯುತ್ ರೈಲುಗಳಿಗೆ ಬೇಕಾಗುವಷ್ಟು ವಿದ್ಯುತ್ತನ್ನು ಗಾಳಿಯಿಂದ ಉತ್ಪಾದಿಸಿದ ಮೂಲಗಳಿಂದಲೇ ಪಡೆಯುತ್ತಿದೆ.

ಲೈಡನ್ ನಗರದಲ್ಲಿ ನೀರಿನ ಇನ್ನೊಂದು ಮುಖ ಕಾಣುತ್ತದೆ. 1574ರಲ್ಲಿ ಸ್ಪೇನಿನ ಸೈನ್ಯ ಈ ನಗರವನ್ನು ಮುತ್ತಿತ್ತು. ಒಳಗೆ ಜನರು ಹಸಿವಿನಿಂದ ಸಾಯುತ್ತಿದ್ದರು. ಆಗ ಆರೆಂಜಿನ ವಿಲಿಯಂ, ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಒಡ್ಡುಗಳನ್ನು ಕಡಿಸಿದನು. ಹೊಲಗಳು ಮುಳುಗಿದವು; ಆ ನೀರಿನ ಮೇಲೆ ದೋಣಿಗಳು ತೇಲಿ ಬಂದವು; ಶತ್ರುಗಳು ಓಡಿದರು. ಬೆಳೆದ ಭೂಮಿಯನ್ನು ತಾವೇ ಮುಳುಗಿಸುವುದು ಎಂತಹ ಕಠಿಣ ನಿರ್ಧಾರವೆಂಬುದನ್ನು ರೈತನೇ ಬಲ್ಲ. ಮರುವರ್ಷ ಅಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡಿತು.

ನೀರು ಹೀಗೆ ನೆರವಾದದ್ದು ಅಪರೂಪ. 1953ರ ಜನವರಿ 31ರ ರಾತ್ರಿ ಬಿರುಗಾಳಿಗೆ ಉಕ್ಕಿದ ಸಮುದ್ರವು ದೇಶದ ನೈಋತ್ಯ ಭಾಗದ ಒಡ್ಡುಗಳನ್ನು ಒಡೆದು 1,836 ಜನರನ್ನು ಬಲಿ ತೆಗೆದುಕೊಂಡಿತು.

ಸಂಜೆಯ ರೈಲು ಲೈಡನ್ನಿನಿಂದ ಸ್ಕಿಪೋಲ್ ಮಾರ್ಗವಾಗಿ ಮರಳುತ್ತದೆ. ಕಿಟಕಿಯಿಂದ ಕಾಣುವುದು ಸಾಧಾರಣವಾದ ಹೊಲ, ಮನೆ, ರಸ್ತೆ. ಆದರೆ ಇದು ಹಾರ್ಲೆಮರ್‌ಮೇರ್ ಎಂಬ ವಿಶಾಲ ಸರೋವರದ ತಳ. ಗಾಳಿ ಬೀಸಿದಂತೆಲ್ಲ ದಡವನ್ನು ಕಬಳಿಸುತ್ತಿದ್ದ ಇದನ್ನು ಜನರು ‘ನೀರುತೋಳ’ವೆಂದು ಕರೆದಿದ್ದರು. 1836ರ ಬಿರುಗಾಳಿಗಳಲ್ಲಿ ಅದರ ನೀರು ಒಮ್ಮೆ ಆಮ್‌ಸ್ಟರ್‌ಡ್ಯಾಮಿನ, ಇನ್ನೊಮ್ಮೆ ಲೈಡನ್ನಿನ ಬಾಗಿಲಿಗೇ ಬಂದಿತು. ಸಹನೆ ಮೀರಿದ ಡಚ್ಚರು ಸರೋವರದ ಸುತ್ತ ಕಾಲುವೆ ತೋಡಿ, ಮೂರು ಕಡೆ ಉಗಿಯಂತ್ರಗಳನ್ನು ಹೂಡಿ, 1849ರಿಂದ 1852ರವರೆಗೆ ನೀರನ್ನೆಲ್ಲ ಹೊರಕ್ಕೆ ಎತ್ತಿ ಹಾಕಿದರು. ಇಂದಿಗೂ ಸುತ್ತಿನ ಕಾಲುವೆಯ ನೀರು ಹೊಲಗಳಿಗಿಂತ ಎತ್ತರದಲ್ಲಿದೆ. ಒಳಗೆ ಸುರಿದ ಮಳೆಯನ್ನು ಪಂಪುಗಳು ಅದಕ್ಕೆ ಎತ್ತಿ ಹಾಕುತ್ತಲೇ ಇರಬೇಕು.

ಕತ್ತಲಾಗುವ ಹೊತ್ತಿಗೆ ರೈಲು ಸ್ಕಿಪೋಲಿನ ನೆಲದಡಿಯ ನಿಲ್ದಾಣವನ್ನು ಸೇರುತ್ತದೆ. 1573ರಲ್ಲಿ ಯುದ್ಧನೌಕೆಗಳು ಕಾದಾಡಿದ ಸರೋವರದ ತಳದಲ್ಲಿ ಈಗ ವಿಮಾನಗಳು ಇಳಿಯುತ್ತವೆ.