ನವರಕ್ತನಾಳೋತ್ಪತ್ತಿ ಮತ್ತು ಶಿಶುಚರ್ಮದ ರಕ್ತಗಂತಿ

ಗಾಯ ಮಾಯುವಾಗ ಚರ್ಮದಲ್ಲಿ ಹೊಸ ಲೋಮನಾಳಗಳು ಚಿಗುರಿ, ಕೆಲಸ ಮುಗಿದ ಮೇಲೆ ಬಹುಪಾಲು ಅಳಿಯುತ್ತವೆ. ಈ ಹತೋಟಿ ತಪ್ಪಿದ ರೋಗಗಳಲ್ಲಿ ಶಿಶುಗಳ ಹೆಮಾಂಜಿಯೋಮ ಎಂಬ ರಕ್ತಗಂತಿ ಗಮನಾರ್ಹವಾದುದು. ಹುಟ್ಟಿದ ಕೆಲವು ವಾರಗಳಲ್ಲಿ ಕೆಂಪು ಕಲೆಯಾಗಿ ತೋರಿ, ಸುಮಾರು 5 ತಿಂಗಳೊಳಗೆ ತನ್ನ ಬೆಳವಣಿಗೆಯ ಬಹುಪಾಲನ್ನು ಮುಗಿಸುವ ಇದು, ಬಳಿಕ ವರ್ಷಗಟ್ಟಲೆ ತಾನಾಗಿಯೇ ಕುಗ್ಗುತ್ತದೆ. ಆದುದರಿಂದ ಕಾದು ನೋಡುವುದೇ ವಾಡಿಕೆ. ಆದರೆ ರೆಪ್ಪೆಯ ಮೇಲೆ ಬೆಳೆದು ಕಣ್ಣನ್ನು ಮರೆಮಾಡಿದಲ್ಲಿ, ಗಂತಿ ಕರಗಿದ ಮೇಲೂ ದೃಷ್ಟಿ ಮರಳದಿರಬಹುದು. ಅಲ್ಲಿ ಕಾಯುವಿಕೆಯೇ ಅಪಾಯಕರ.

ಸ್ಟಿರಾಯ್ಡ್ ಚಿಕಿತ್ಸೆಯ ಅವಧಿಯಲ್ಲಿ ಹೃದಯಸ್ನಾಯು ದಪ್ಪಗಾದ ಮಗುವೊಂದಕ್ಕೆ ಪ್ರೊಪ್ರನೊಲಾಲ್ ಕೊಟ್ಟ ಮರುದಿನವೇ ಗಂತಿಯ ಕಡುಗೆಂಪು ನೇರಳೆಗೆ ತಿರುಗಿ ಮೆದುವಾದುದನ್ನು ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು 2008ರಲ್ಲಿ ವರದಿ ಮಾಡಿದರು. ಹೃದಯಕ್ಕೆಂದು ಕೊಟ್ಟ ಮದ್ದು ಚರ್ಮಕ್ಕೆ ಒದಗಿದುದು ಆಕಸ್ಮಿಕವೇ ಸರಿ. ಮೊದಲು ನಾಳಗಳು ಸಂಕುಚಿಸುತ್ತವೆ, ಅನಂತರ ನಾಳವರ್ಧಕ ಪ್ರೋಟೀನುಗಳು ತಗ್ಗುತ್ತವೆ ಎಂಬುದು ಮುಖ್ಯ ವಿವರಣೆ. ರಕ್ತದ ಸಕ್ಕರೆ ಕುಸಿಯದಂತೆ ಹಾಲೂಡಿಸಿಯೇ ಇದನ್ನು ಕೊಡಲಾಗುತ್ತದೆ.