ರೆಜಾಂಗ್ ಲಾ: ಸತ್ತವರೇ ಸಾಕ್ಷಿ ಹೇಳಿದ ಬೆಟ್ಟ

ಪ್ಯಾಂಗಾಂಗ್ ಸರೋವರ ನೋಡಲು ಲಡಾಖ್‌ಗೆ ಬಂದವರಲ್ಲಿ ಹೆಚ್ಚಿನವರು ನೀಲಿ ನೀರಿನ ಮುಂದೆ ಫೋಟೊ ತೆಗೆಸಿಕೊಂಡು ಲೇಹ್‌ಗೆ ಮರಳಿಬಿಡುತ್ತಾರೆ. ದಕ್ಷಿಣ ದಂಡೆ ಹಿಡಿದು ಮಾನ್, ಮೆರಾಕ್ ಹಳ್ಳಿಗಳನ್ನು ದಾಟಿದರೆ ಚುಶೂಲ್ ಬಯಲು. ಮರವಿಲ್ಲ, ನೆರಳಿಲ್ಲ, ಗಾಳಿಗಂತೂ ಬಿಡುವೇ ಇಲ್ಲ. ಇಲ್ಲಿದೆ ರೆಜಾಂಗ್ ಲಾ ಯುದ್ಧ ಸ್ಮಾರಕ.

2021ರ ನವೆಂಬರ್ 18ರಂದು ನವೀಕೃತ ಸ್ಮಾರಕದ ಉದ್ಘಾಟನೆಗೆ ನಿವೃತ್ತ ಬ್ರಿಗೇಡಿಯರ್ ಆರ್.ವಿ. ಜತಾರ್ ಬಂದಿದ್ದರು. ಜತಾರ್ ಅವರ ಗಾಲಿಕುರ್ಚಿಯನ್ನು ರಕ್ಷಣಾ ಸಚಿವ ರಾಜನಾಥ್ ಸಿಂಗ್ ತಾವೇ ತಳ್ಳಿಕೊಂಡು ನಡೆದರು. ಆ ಫೋಟೊ ಸಚಿವರ ವಿನಯದಿಂದಾಗಿ ಸುದ್ದಿಯಾಯಿತು. ನೋಡಬೇಕಾದದ್ದು ಕುರ್ಚಿಯಲ್ಲಿ ಕೂತಿದ್ದವರನ್ನು. 1962ರ ಭಾರತ–ಚೀನಾ ಯುದ್ಧದಲ್ಲಿ ಜತಾರ್ 13 ಕುಮಾವೂನ್ ಬೆಟಾಲಿಯನ್ನಿನ ಕ್ಯಾಪ್ಟನ್. ಸ್ಮಾರಕದ ಕಲ್ಲಿನಲ್ಲಿರುವ ಹೆಸರುಗಳು ಅವರ ಬೆಟಾಲಿಯನ್ನಿನವರದು. ಕುಮಾವೂನ್ ರೆಜಿಮೆಂಟ್ ನಮಗೂ ತೀರ ಹೊರಗಿನದಲ್ಲ. ಅದಕ್ಕೆ ಹೈದರಾಬಾದ್ ರೆಜಿಮೆಂಟ್ ಎಂಬ ಹೆಸರಿದ್ದ ಕಾಲದಲ್ಲಿ ಮುಂದೆ ಸೇನಾ ಮುಖ್ಯಸ್ಥರಾದ ಕೊಡಗಿನ ತಿಮ್ಮಯ್ಯನವರು ಸೇವೆ ಸಲ್ಲಿಸಿದ್ದು ಅದರಲ್ಲೇ.

ರೆಜಾಂಗ್ ಲಾ ಚುಶೂಲ್‌ಗೆ ಬರುವ ದಾರಿಗಳಲ್ಲೊಂದನ್ನು ಕಾಯುವ ಕಣಿವೆ. ಎತ್ತರ 16,000 ಅಡಿಗೂ ಹೆಚ್ಚು. ಅಲ್ಲಿ ಕಾವಲಿದ್ದ 13 ಕುಮಾವೂನ್‌ನ ಮೇಜರ್ ಶೈತಾನ್ ಸಿಂಗ್ ಅವರ ಚಾರ್ಲಿ ಕಂಪನಿಯಲ್ಲಿದ್ದವರು ಸುಮಾರು 120 ಮಂದಿ, ಬಹುಪಾಲು ಹರಿಯಾಣದ ಅಹೀರರು. ಕೈಯಲ್ಲಿ .303 ರೈಫಲ್. ನಡುವೆ ಬೆಟ್ಟ ಅಡ್ಡ ಇದ್ದುದರಿಂದ ಹಿಂದಿದ್ದ ನಮ್ಮ ಫಿರಂಗಿಗಳು ನೆರವಿಗೆ ಬರುವಂತಿರಲಿಲ್ಲ. 1962ರ ನವೆಂಬರ್ 18ರ ನಸುಕಿನಲ್ಲಿ ಚೀನಾ ಸೇನೆ ಮೇಲೇರಿ ಬಂತು. 110ಕ್ಕೂ ಹೆಚ್ಚು ಯೋಧರು ಅಲ್ಲೇ ಮಡಿದರು.

ಬದುಕಿ ಕೆಳಗಿಳಿದ ಬೆರಳೆಣಿಕೆಯ ಮಂದಿ ನಡೆದದ್ದನ್ನು ಹೇಳಿದಾಗ ಬಹಳ ಮಂದಿ ನಂಬಲಿಲ್ಲ. ಕೊನೆಯ ಗುಂಡಿನವರೆಗೂ ಕಾದಾಡಿದರೆ? ಸೋತು ಹೋದ ಯುದ್ಧದಲ್ಲಿ ಇಂಥ ಮಾತು ಯಾರಿಗೆ ಬೇಕಿತ್ತು! 1963ರ ಫೆಬ್ರುವರಿಯಲ್ಲಿ ಕುರಿಗಾಹಿಯೊಬ್ಬ ಬೆಟ್ಟಕ್ಕೆ ಹೋದಾಗ ಹಿಮದಡಿ ಹೆಣಗಳು ಸಿಕ್ಕವು. ಕಂದಕಗಳಲ್ಲಿ ಹಲವರ ಕೈಯಲ್ಲಿ ಆಯುಧ ಹಾಗೇ ಇತ್ತು. ಮಾರ್ಟರ್‌ ಹಾರಿಸುತ್ತಿದ್ದವನ ಕೈಯಲ್ಲಿ ಬಾಂಬ್, ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದವನ ಕೈಯಲ್ಲಿ ಸಿರಿಂಜ್. ಬದುಕಿದ್ದವರ ಮಾತಿಗೆ ಬೆಲೆ ಬಂದದ್ದು ಆಮೇಲೆ.

ಚುಶೂಲ್‌ನಲ್ಲೇ ಸೈನಿಕ ಗೌರವದೊಂದಿಗೆ ಚಿತೆಗಳು ಉರಿದವು. ಶೈತಾನ್ ಸಿಂಗ್ ಅವರ ದೇಹವನ್ನು ಜೋಧಪುರಕ್ಕೆ ಒಯ್ದರು. ಮರಣೋತ್ತರ ಪರಮವೀರ ಚಕ್ರ ಬಂತು. ಸ್ಮಾರಕ ಎದ್ದದ್ದು ಬೆಟ್ಟದ ಮೇಲಲ್ಲ, ಕೆಳಗಿನ ಬಯಲಿನಲ್ಲಿ. ಗೆಳೆಯರಿಗೆ ಸೆಲ್ಯೂಟ್ ಹೊಡೆಯಲು ಬರುವ ಮಾಜಿ ಸೈನಿಕರು ನಿಲ್ಲುವುದೂ ಇಲ್ಲೇ. ಮೇಜರ್ ಅವರ ದೇಹ ಸಿಕ್ಕ ಜಾಗದಲ್ಲಿ ಇನ್ನೊಂದು ಗುರುತಿತ್ತು. 2021ರಲ್ಲಿ ಗಡಿಯಲ್ಲಿ ಎದುರುಬದುರಾಗಿದ್ದ ಭಾರತ, ಚೀನಾ ಸೇನೆಗಳೆರಡೂ ಹಿಂದೆ ಸರಿದಾಗ ಆ ಜಾಗ ಯಾರೂ ಕಾಲಿಡಬಾರದ ಬಫರ್ ವಲಯಕ್ಕೆ ಸೇರಿತೆಂದೂ, ಗುರುತನ್ನು ಕಳಚಬೇಕಾಯಿತೆಂದೂ ಚುಶೂಲ್‌ನ ಕೌನ್ಸಿಲರ್ ಕೊಂಚೋಕ್ ಸ್ಟಾಂಜಿನ್ 2023ರಲ್ಲಿ ಬಹಿರಂಗವಾಗಿಯೇ ಹೇಳಿದರು.